ಟೆಂಡರಿನ ಮಡಿ

ಸೈನ್ಯಕ್ಕೆ ಸಾಮಾನು ಕೊಳ್ಳುವ ಅಧಿಕಾರಿ ಮಾರುವವನ ಮುಖ ನೋಡಬಾರದು. ಅವನ ಕಾರ್ಖಾನೆಗೆ ಹೋಗಬಾರದು, ಅವನ ಕಾಫಿ ಕುಡಿಯಬಾರದು, ಅವನ ಫೋನು ಎತ್ತಬಾರದು. ಮುಚ್ಚಿದ ಲಕೋಟೆ ಬರಲಿ, ಎಲ್ಲರೆದುರು ಒಡೆಯಲಿ, ಕಡಿಮೆ ದರ ಬರೆದವನಿಗೆ ಕೊಡಲಿ. ಪ್ರಾಮಾಣಿಕತೆ ಎಂದರೆ ಇದೇ ಎಂದು ನಾವೆಲ್ಲ ನಂಬಿಕೊಂಡು ಬಂದಿದ್ದೇವೆ. ಟಿ.ವಿ. ಚರ್ಚೆಗೆ ಕೂತ ನಿವೃತ್ತ ಜನರಲ್‌ಗಳೂ ಇದನ್ನೇ ಹೇಳುತ್ತಾರೆ, ಕೋಲಾರದ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಪೇಪರ್ ಓದಿ ಮಡಚಿಟ್ಟವರೂ ಇದನ್ನೇ ಹೇಳುತ್ತಾರೆ. ಇಷ್ಟು ಜನ ಇಷ್ಟು ವರ್ಷ ಒಪ್ಪಿಕೊಂಡು ಬಂದದ್ದನ್ನು ಅಲ್ಲಗಳೆಯಲು ಸ್ವಲ್ಪ ಮೊಂಡುತನ ಬೇಕು. ಆದರೂ ಹೇಳುತ್ತೇನೆ: ಇದು ಪ್ರಾಮಾಣಿಕತೆಯಲ್ಲ, ಮಡಿ. ಮೈಲಿಗೆಯಾದೀತೆಂದು ದೂರ ನಿಲ್ಲುವುದಕ್ಕೂ ಕಳ್ಳತನವಾಗದಂತೆ ಕಾಯುವುದಕ್ಕೂ ಸಂಬಂಧವಿಲ್ಲ. ಹತ್ತು ಹದಿನೈದು ವರ್ಷ ನಡೆಯುವ ರಕ್ಷಣಾ ಗುತ್ತಿಗೆಗೆ, ಪೂರೈಕೆದಾರರ ಬಳಿ ಹೋಗಿ ಮಾರುಕಟ್ಟೆಯನ್ನು ವಿಚಾರಿಸದೆ ಸಹಿ ಹಾಕುವ ಅಧಿಕಾರಿ ಎಷ್ಟೇ ಶುದ್ಧಹಸ್ತನಾದರೂ ತನ್ನ ಕೆಲಸ ಮಾಡಿಲ್ಲ.

ಇದಕ್ಕೆ ಸಾಕ್ಷಿ ಹುಡುಕಲು ಕೋಲಾರ ಜಿಲ್ಲೆ ದಾಟಬೇಕಿಲ್ಲ. ಕೆಜಿಎಫ್‌ನ ಬೆಮೆಲ್ ನಗರ ಸಾಕು. 1964ರಲ್ಲಿ ರಕ್ಷಣಾ ಸಚಿವಾಲಯದ ಅಡಿಯಲ್ಲಿ ಹುಟ್ಟಿದ ಬೆಮೆಲ್, ಅಂದರೆ ಭಾರತ್ ಅರ್ತ್ ಮೂವರ್ಸ್‌ನ ಮುಖ್ಯ ಘಟಕಗಳಲ್ಲಿ ಒಂದು ಅಲ್ಲಿದೆ. ಬುಲ್ಡೋಜರು, ಎಕ್ಸ್‌ಕವೇಟರು, ಹೈಡ್ರಾಲಿಕ್ ಭಾಗಗಳು, ಭಾರೀ ಫ್ಯಾಬ್ರಿಕೇಶನ್ ಎಲ್ಲ ಅಲ್ಲಿ ನಡೆಯುತ್ತದೆ. 2001ರ ಫೆಬ್ರುವರಿಯಲ್ಲಿ ಚಿನ್ನದ ಗಣಿಗೆ ಬೀಗ ಬಿದ್ದ ಮೇಲೆ ಆ ಊರಿನಲ್ಲಿ ಉಳಿದುಕೊಂಡ ದೊಡ್ಡ ಸಂಬಳದ ಗೇಟು ಅದೊಂದೇ. ಉಳಿದವರು ಬೆಳಗಿನ ಜಾವದ ರೈಲು ಹತ್ತಿ ಬೆಂಗಳೂರಿಗೆ ಹೋಗಿ ರಾತ್ರಿ ಹಿಂದಿರುಗುತ್ತಾರೆ. 2012ರ ಮಾರ್ಚಿನಲ್ಲಿ ಇಡೀ ದೇಶ ಬೆಮೆಲ್ ಹೆಸರನ್ನು ಉಚ್ಚರಿಸಿತು, ಆದರೆ ಬುಲ್ಡೋಜರಿನ ಕಾರಣಕ್ಕಲ್ಲ. ಆಗಿನ ಭೂಸೇನಾ ಮುಖ್ಯಸ್ಥ ಜನರಲ್ ವಿ.ಕೆ. ಸಿಂಗ್, 600 ಟ್ರಕ್‌ಗಳ ಖರೀದಿಗೆ ಒಪ್ಪಿದರೆ 14 ಕೋಟಿ ರೂಪಾಯಿ ಕೊಡುವುದಾಗಿ ತಮಗೆ ಆಮಿಷ ಬಂದಿತ್ತು ಎಂದು ಪತ್ರಿಕೆಗೆ ಹೇಳಿದರು. ಟ್ರಕ್ಕಿನ ಹೆಸರು ಟಟ್ರಾ, ಸೈನ್ಯಕ್ಕೆ ಅದನ್ನು ಒದಗಿಸುತ್ತಿದ್ದದ್ದು ಬೆಮೆಲ್. ಸಂಸತ್ತಿನಲ್ಲಿ ಗದ್ದಲವಾಯಿತು, ಸಿಬಿಐ ಪ್ರಕರಣ ದಾಖಲಿಸಿತು, ಕಂಪನಿಯ ಅಧ್ಯಕ್ಷರನ್ನು ಅಮಾನತು ಮಾಡಿದರು. ಯಾರು ತಪ್ಪಿತಸ್ಥರು, ಯಾರು ಅಲ್ಲ ಎನ್ನುವುದು ನ್ಯಾಯಾಲಯಕ್ಕೆ ಬಿಟ್ಟದ್ದು, ಅದಕ್ಕೆ ನಾನು ಕೈ ಹಾಕುವುದಿಲ್ಲ. ಆ ಪ್ರಕರಣದಿಂದ ನಾವು ಕಲಿತ ಪಾಠವಿದೆಯಲ್ಲ, ನನ್ನ ಜಗಳ ಅದರ ಜೊತೆ. ಮಾರುವವರನ್ನು ಹತ್ತಿರ ಬಿಟ್ಟುಕೊಂಡದ್ದೇ ಅನರ್ಥಕ್ಕೆ ಕಾರಣ, ಇನ್ನು ಮುಂದೆ ಬಾಗಿಲು ಭದ್ರವಾಗಿ ಹಾಕಿ ಎಂದು ಎಲ್ಲರೂ ತೀರ್ಪು ಕೊಟ್ಟರು.

ನಡೆದದ್ದನ್ನು ಇಸವಿಯ ಪ್ರಕಾರ ನೋಡಿದರೆ ತೀರ್ಪು ತಲೆಕೆಳಗಾಗುತ್ತದೆ. 1986ರಲ್ಲಿ ಬೆಮೆಲ್ ಒಪ್ಪಂದ ಮಾಡಿಕೊಂಡದ್ದು ಆಗಿನ ಚೆಕೊಸ್ಲೊವಾಕಿಯದ ಸರ್ಕಾರಿ ವ್ಯಾಪಾರ ಸಂಸ್ಥೆ ಒಮ್ನಿಪೋಲ್ ಜೊತೆ. 1993ರಲ್ಲಿ ಆ ದೇಶವೇ ಎರಡಾಯಿತು. 1997ರ ಹೊತ್ತಿಗೆ ಬೆಮೆಲ್ ವ್ಯವಹರಿಸುತ್ತಿದ್ದದ್ದು ಲಂಡನ್ನಿನ ಟಟ್ರಾ ಸಿಪಾಕ್ಸ್ ಎಂಬ ಕಂಪನಿಯ ಜೊತೆ. ಟ್ರಕ್ಕನ್ನು ನಿಜವಾಗಿ ತಯಾರಿಸುವವರಿಂದಲೇ ಕೊಳ್ಳಬೇಕು ಎಂಬ ನಿಯಮವಿದ್ದರೂ ನಡುವಿನ ಈ ಕಂಪನಿಯಿಂದ ಕೊಳ್ಳಲಾಯಿತು ಎನ್ನುವುದೇ ಪ್ರಕರಣದ ತಿರುಳು. ಇನ್ನು ಸೈನ್ಯದ ಕಡೆ ಬನ್ನಿ. ಸೈನ್ಯ ಲಂಡನ್ನಿನವರ ಜೊತೆಯೂ ಮಾತಾಡಲಿಲ್ಲ, ಚೆಕ್ ಕಾರ್ಖಾನೆಯವರ ಜೊತೆಯೂ ಮಾತಾಡಲಿಲ್ಲ. ಅದು ಬೆಮೆಲ್‌ಗೆ ಬೇಡಿಕೆ ಪತ್ರ ಬರೆಯುತ್ತಿತ್ತು, ಅಷ್ಟೇ. ಪ್ರತಿಸಲ ಟೆಂಡರು ಕೂಡ ಇಲ್ಲ, ಸರ್ಕಾರಿ ಕಂಪನಿಗೆ ನೇರ ಆರ್ಡರು. ಒಂದು ಸರ್ಕಾರಿ ಕಚೇರಿ ಇನ್ನೊಂದು ಸರ್ಕಾರಿ ಕಚೇರಿಯಿಂದ ಕೊಂಡಿತು, ಖಾಸಗಿ ವ್ಯಾಪಾರಿಯ ನೆರಳು ಬೀಳಲಿಲ್ಲ, ಮಡಿ ಕೆಡಲಿಲ್ಲ! ಆ ಮಡಿಯ ಮರೆಯಲ್ಲಿ, ಹಿಂಬಾಗಿಲಿನಲ್ಲಿ ಯಾರು ನಿಂತಿದ್ದಾರೆಂದು ಕೇಳಬೇಕು ಅಂತಲೇ ಯಾರಿಗೂ ಅನ್ನಿಸಲಿಲ್ಲ.

2012ರಲ್ಲಿ ಸೈನ್ಯದ ಬಳಿ ಸುಮಾರು 7,000 ಟಟ್ರಾ ವಾಹನಗಳಿದ್ದವು. ಅವುಗಳ ಸ್ಟೇರಿಂಗು ಎಡಗಡೆ ಇತ್ತು. ಈ ವಿವರವನ್ನು ನಿಧಾನವಾಗಿ ಓದಿಕೊಳ್ಳಬೇಕು. ರಸ್ತೆಯ ಎಡಬದಿಯಲ್ಲಿ ಗಾಡಿ ಓಡಿಸುವ ದೇಶದಲ್ಲಿ, ಕ್ಷಿಪಣಿಯನ್ನೂ ಸೇತುವೆಯ ತುಂಡುಗಳನ್ನೂ ಹೊತ್ತ ಟ್ರಕ್ಕಿನ ಚಾಲಕ ಕಾಲು ಶತಮಾನ ಎಡಗಡೆ ಕೂತು ಗಾಡಿ ಹಿಂದಿಕ್ಕಲು ಪಕ್ಕದವನನ್ನು ಕೇಳಬೇಕಿತ್ತು. ಬಲಗಡೆ ಸ್ಟೇರಿಂಗು ಹಾಕಿಕೊಡಲು ಆಗುತ್ತದೆಯೇ, ಆದರೆ ಎಷ್ಟಾಗುತ್ತದೆ, ಇಲ್ಲಿ ಬೇರೆ ಯಾರಾದರೂ ಇಂಥ ಟ್ರಕ್ ಮಾಡಬಲ್ಲರೇ ಎಂದು ಮಾರುಕಟ್ಟೆಯಲ್ಲಿ ನಿಂತು ಯಾರೂ ಕೇಳಲಿಲ್ಲ. ಕೇಳಿದ್ದರೆ ಉತ್ತರ ಸಿಗುತ್ತಿತ್ತು ಎನ್ನುವುದಕ್ಕೂ ಪುರಾವೆಯಿದೆ. ಗದ್ದಲ ಮುಗಿದು ಪೈಪೋಟಿಗೆ ಅವಕಾಶವಾದ ಮೇಲೆ 2015ರಲ್ಲಿ ಟಾಟಾ ಮೋಟಾರ್ಸ್ 1,239 ಆರು ಚಕ್ರದ ಹೈ ಮೊಬಿಲಿಟಿ ಟ್ರಕ್‌ಗಳ ಆರ್ಡರು ಪಡೆಯಿತು. ಆ ಕಂಪನಿ ಆಕಾಶದಿಂದ ಉದುರಿದ್ದಲ್ಲ, 1986ರಲ್ಲೂ ಅದು ಲಾರಿ ಮಾಡುತ್ತಲೇ ಇತ್ತು.

ಹಾಗಾಗಿ ಟಟ್ರಾ ಹಗರಣಕ್ಕೆ ಕಾರಣ ಪೂರೈಕೆದಾರರ ಜೊತೆ ಅತಿಯಾಗಿ ಬೆರೆತದ್ದಲ್ಲ. ಒಬ್ಬನೇ ಪೂರೈಕೆದಾರನಿಗೆ ಅಂಟಿಕೊಂಡು ಉಳಿದ ಮಾರುಕಟ್ಟೆಗೆ ಬೆನ್ನು ತಿರುಗಿಸಿದ್ದು. ಇವೆರಡೂ ಒಂದೇ ಎಂದು ನಂಬಿಸಿದವರಿಗೆ ಅದರಿಂದ ಲಾಭವಾಗಿದೆ. ಯಾರು ಏನು ಮಾಡುತ್ತಾರೆ, ಯಾವುದಕ್ಕೆ ಎಷ್ಟಾಗುತ್ತದೆ ಎಂಬುದು ಕಚೇರಿಗೆ ಗೊತ್ತಿಲ್ಲದಿದ್ದರೆ ಗೊತ್ತಿರುವ ಮಧ್ಯವರ್ತಿಗೆ ಬೆಲೆ ಬರುತ್ತದೆ. ದಲ್ಲಾಳಿ ಮಾರುವುದು ಟ್ರಕ್ಕನ್ನಲ್ಲ, ಮಾಹಿತಿಯನ್ನು. ಅಧಿಕಾರಿಗೆ ಮಾಹಿತಿ ಸಿಗುವ ನೇರ ದಾರಿಗಳನ್ನೆಲ್ಲ ಭ್ರಷ್ಟಾಚಾರದ ಹೆಸರಿನಲ್ಲಿ ಮುಚ್ಚಿದರೆ ದಲ್ಲಾಳಿಯ ಅಂಗಡಿಗೆ ಗಿರಾಕಿ ಹೆಚ್ಚುವುದು ಸಹಜ.

ನಮ್ಮದು ಹಳೇ ಚಾಳಿ. 1986ರ ಮಾರ್ಚಿನಲ್ಲಿ 410 ಬೋಫೋರ್ಸ್ ಫಿರಂಗಿಗಳಿಗೆ 1,437 ಕೋಟಿ ರೂಪಾಯಿಯ ಕರಾರಾಯಿತು. ಮರುವರ್ಷದ ಏಪ್ರಿಲ್‌ನಲ್ಲಿ ಸ್ವೀಡನ್ನಿನ ರೇಡಿಯೊ ಲಂಚದ ಸುದ್ದಿ ಬಿತ್ತರಿಸಿತು. ಆಮೇಲೆ ನಾವು ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡೆವು. ಫಿರಂಗಿ ಎಂಬ ಶಬ್ದ ಬಂದರೆ ಫೈಲು ಪಕ್ಕಕ್ಕೆ ಸರಿಯುತ್ತಿತ್ತು. 2016ರ ನವೆಂಬರಿನಲ್ಲಿ ಅಮೆರಿಕದಿಂದ 145 ಎಂ-777 ಕೊಳ್ಳುವ ಕರಾರಿಗೆ ಸಹಿ ಬೀಳುವವರೆಗೆ, ಮೂವತ್ತು ವರ್ಷ, ಹೊಸ ಹೊವಿಟ್ಜರ್ ಫಿರಂಗಿಗೆ ದೊಡ್ಡ ಕರಾರು ಆಗಲಿಲ್ಲ. ಇದರಲ್ಲಿ ಹೊಟ್ಟೆ ಉರಿಸುವ ಸಂಗತಿಯೆಂದರೆ, ಬೋಫೋರ್ಸ್ ಜೊತೆಯಲ್ಲೇ ತಯಾರಿಕೆಯ ನಕ್ಷೆಗಳೂ ನಮಗೆ ಬಂದಿದ್ದವು. ಅವು ಬೀರುವಿನಲ್ಲಿ ಮಲಗಿದ್ದವು. ಅವುಗಳ ಆಧಾರದ ಮೇಲೆ ಜಬಲ್ಪುರದಲ್ಲಿ ತಯಾರಾದ ಧನುಷ್ ಫಿರಂಗಿ ಸೈನ್ಯದ ಕೈ ಸೇರಿದ್ದು 2019ರ ಏಪ್ರಿಲ್‌ನಲ್ಲಿ. ಟಟ್ರಾ ಗದ್ದಲವೆದ್ದ ಅದೇ 2012ರ ಮಾರ್ಚಿನಲ್ಲಿ, ಬೇರೊಂದು ಪ್ರಕರಣದಲ್ಲಿ, ಆರು ಕಂಪನಿಗಳನ್ನು ಹತ್ತು ವರ್ಷ ಕಪ್ಪುಪಟ್ಟಿಗೆ ಸೇರಿಸಲಾಯಿತು. ತಪ್ಪು ಮಾಡಿದವರಿಗೆ ಶಿಕ್ಷೆಯಾಗಲಿ, ಬೇಡವೆನ್ನುವವರು ಯಾರು? ಆದರೆ ಪಟ್ಟಿಯಿಂದ ಒಬ್ಬನನ್ನು ತೆಗೆದಾಗ ಅವನ ಜಾಗಕ್ಕೆ ಯಾರಿದ್ದಾರೆ ಎಂದು ತಿಳಿದಿರಬೇಕಲ್ಲ. ಪ್ರತಿ ಹಗರಣದ ಮರುದಿನ ನಮ್ಮ ಸಚಿವಾಲಯ ಮಾರುಕಟ್ಟೆಯ ಬಗ್ಗೆ ಹಿಂದಿನ ದಿನಕ್ಕಿಂತ ಕಡಿಮೆ ತಿಳಿದುಕೊಂಡು ಎದ್ದಿದೆ.

‘ನೀವು ಹೇಳುವುದೆಲ್ಲ ಹಳೇ ಕಥೆ, ಈಗ ಆರ್‌ಎಫ್‌ಐ ಇದೆ’ ಎನ್ನುವವರಿದ್ದಾರೆ. ನಿಜ, ಇದೆ. 2020ರ ರಕ್ಷಣಾ ಖರೀದಿ ವಿಧಾನದ ಪ್ರಕಾರ ಯಾವುದೇ ದೊಡ್ಡ ಖರೀದಿಗೆ ಮೊದಲು ಆರ್‌ಎಫ್‌ಐ ಎಂಬ ಮಾಹಿತಿ ಕೋರಿಕೆಯನ್ನು ವೆಬ್‌ಸೈಟಿನಲ್ಲಿ ಹಾಕಬೇಕು. ಪೂರೈಕೆದಾರರು ತಮ್ಮ ಸಾಮರ್ಥ್ಯ, ಅಂದಾಜು ಬೆಲೆ, ದೇಶೀಯ ಅಂಶ ಎಲ್ಲವನ್ನೂ ಬರೆದು ಕಳಿಸಬೇಕು. ಅದೇ ವರ್ಷದ ಆಗಸ್ಟಿನಲ್ಲಿ ಸೃಜನ್ ಪೋರ್ಟಲ್ ಬಂತು. ಈವರೆಗೆ ಹೊರದೇಶದಿಂದ ತರಿಸುತ್ತಿದ್ದ ಬಿಡಿಭಾಗಗಳನ್ನು ಅಲ್ಲಿ ಪಟ್ಟಿ ಮಾಡಿ, ಮಾಡಬಲ್ಲವರು ಮುಂದೆ ಬನ್ನಿ ಎಂದರು. ಒಳ್ಳೆಯದೇ. ಆದರೆ ವೆಬ್‌ಸೈಟಿನಲ್ಲಿ ಹಾಕಿದ್ದನ್ನು ಮಾರುಕಟ್ಟೆ ಅಧ್ಯಯನ ಎಂದು ಕರೆಯುವುದು, ಸೂಚನಾ ಫಲಕಕ್ಕೆ ಹಾಳೆ ಅಂಟಿಸಿ ಊರಿಗೆಲ್ಲ ತಿಳಿಸಿದೆ ಎನ್ನುವ ಗ್ರಾಮ ಲೆಕ್ಕಿಗರ ಜಾಣತನ. ಓದಿದವರು ಯಾರು, ಓದದವರು ಯಾಕೆ ಓದಲಿಲ್ಲ, ಓದಿದವರು ಯಾಕೆ ಉತ್ತರ ಬರೆಯಲಿಲ್ಲ?

ಮಾಲೂರಿನ ಕೈಗಾರಿಕಾ ಪ್ರದೇಶದ ಯಾವುದಾದರೂ ಫ್ಯಾಬ್ರಿಕೇಶನ್ ಶೆಡ್ಡಿಗೆ ಹೋಗಿ ನೋಡಬೇಕು. ಇಪ್ಪತ್ತು ಮೂವತ್ತು ಜನರ ಕೆಲಸ. ಒಂದು ಕಡೆ ಗ್ಯಾಸ್ ಕಟಿಂಗ್, ಇನ್ನೊಂದು ಕಡೆ ಪ್ರೆಸ್ ಬ್ರೇಕ್, ನಡುವೆ ಮಿಗ್ ವೆಲ್ಡಿಂಗಿನ ಕಿಡಿ. ಮುಳಬಾಗಿಲಿನಿಂದಲೂ ಟೇಕಲ್ ಕಡೆಯಿಂದಲೂ ಬರುವ ಐಟಿಐ ಹುಡುಗರು, ಮಾತು ಅರ್ಧ ಕನ್ನಡ, ಅರ್ಧ ತೆಲುಗು. ಮಾಲೀಕ ತಾನೇ ಒಂದು ಕಾಲದಲ್ಲಿ ದೊಡ್ಡ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವನು. ಅವನ ಕೈಗೆ ರಕ್ಷಣಾ ಕೆಲಸದ ಒಂದು ಡ್ರಾಯಿಂಗ್ ಬರುತ್ತದೆ. ದಪ್ಪ ತಗಡು, ಹೆಚ್ಚು ಬಲದ ಉಕ್ಕು. ಬಾಗಿಸುವ ತಿರುವಿನ ತ್ರಿಜ್ಯ ತಗಡಿನ ದಪ್ಪದಷ್ಟೇ ಎಂದು ಬರೆದಿದೆ. ಪ್ರೆಸ್ ಬ್ರೇಕ್ ನಡೆಸುವವನು ಒಮ್ಮೆ ನೋಡಿ, ‘ಇದು ಬಾಗಲ್ಲ ಸಾರ್, ಬಿರಿಯುತ್ತೆ’ ಎನ್ನುತ್ತಾನೆ. ಆ ಜಾತಿಯ ಉಕ್ಕಿಗೆ ತ್ರಿಜ್ಯ ದಪ್ಪದ ಮೂರು ನಾಲ್ಕು ಪಟ್ಟಾದರೂ ಇರಬೇಕು. ಇಲ್ಲವೆಂದರೆ ಹೊರಮೈಯಲ್ಲಿ ಕೂದಲೆಳೆಯಂಥ ಬಿರುಕು ಬಿಡುತ್ತದೆ, ಇನ್‌ಸ್ಪೆಕ್ಷನ್‌ನಲ್ಲಿ ಲಾಟ್ ಪೂರ್ತಿ ರಿಜೆಕ್ಟ್ ಆಗುತ್ತದೆ. ಎರಡೇ ದಾರಿ. ತಿರುವನ್ನು ಸಡಿಲಿಸಬೇಕು, ಇಲ್ಲವೇ ಎರಡು ತುಂಡು ಕತ್ತರಿಸಿ ಬೆಸುಗೆ ಹಾಕಬೇಕು. ಈ ಮಾತನ್ನು ಡ್ರಾಯಿಂಗ್ ಬರೆದವರಿಗೆ ತಲುಪಿಸುವುದು ಹೇಗೆ? ಟೆಂಡರು ಹೊರಬಿದ್ದ ಮೇಲೆ ವಿವರಣೆ ಕೇಳಬಹುದು, ಆದರೆ ಗುಣಮಟ್ಟದ ಷರತ್ತು ಅಷ್ಟು ಹೊತ್ತಿಗೆ ಆರು ಸಹಿ ದಾಟಿ ಬಂದಿರುತ್ತದೆ, ಅದನ್ನು ಬದಲಿಸುವ ಧೈರ್ಯ ಯಾರಿಗೂ ಇರುವುದಿಲ್ಲ. ಟೆಂಡರಿಗೆ ಮೊದಲು ಹೇಳೋಣವೆಂದರೆ ಅದನ್ನು ಬರೆಸಿದ ಅಧಿಕಾರಿ ಮಾರುವವರ ಜೊತೆ ಮಾತಾಡಲು ಹೆದರುತ್ತಾನೆ. ಮಾಲೀಕ ಡ್ರಾಯಿಂಗ್ ಸುತ್ತಿ ಪಕ್ಕಕ್ಕಿಡುತ್ತಾನೆ, ಕೋಟ್ ಮಾಡುವುದೇ ಇಲ್ಲ. ಕಡತದಲ್ಲಿ ‘ದೇಶೀಯ ಪೂರೈಕೆದಾರರಿಂದ ಪ್ರತಿಕ್ರಿಯೆ ಬಂದಿಲ್ಲ’ ಎಂದು ಒಂದು ಸಾಲು ಬೀಳುತ್ತದೆ. ಆ ಸಾಲಿನ ಆಧಾರದ ಮೇಲೆ ಹೊರದೇಶದಿಂದ ಖರೀದಿ.

ಸಣ್ಣ ಉದ್ದಿಮೆಗೆ ಹಿಂದಿನ ಅನುಭವದ ಷರತ್ತು, ವಹಿವಾಟಿನ ಷರತ್ತು ಸಡಿಲಿಸಬಹುದು ಎಂದು ನಿಯಮವಿದೆ. ಸಡಿಲಿಸಬಹುದು ಎಂದರೆ ಸಡಿಲಿಸದೆಯೂ ಇರಬಹುದು. 2012ರ ಆದೇಶದಂತೆ ಸರ್ಕಾರಿ ಖರೀದಿಯಲ್ಲಿ ಸಣ್ಣ, ಅತಿಸಣ್ಣ ಉದ್ದಿಮೆಗಳಿಗೆ ಪಾಲು ಮೀಸಲಿದೆ, ಈಗ ಅದು ಶೇ. 25. ಇದೂ ಸರಿಯೇ. ಆದರೆ ಏನನ್ನು ಕೊಳ್ಳಬೇಕು ಎಂದು ಬರೆಯುವ ಮೇಜಿನ ಹತ್ತಿರ ಆ ಶೆಡ್ಡಿನವನಿಗೆ ಶೇ. 1ರ ಪಾಲೂ ಇಲ್ಲ.

ದೊಡ್ಡ ಮಟ್ಟದಲ್ಲೂ ಇದೇ ಕಥೆ. 2011ರಲ್ಲಿ ಸೈನ್ಯ 66,000 ರೈಫಲ್‌ಗಳಿಗೆ ಟೆಂಡರು ಕರೆಯಿತು. ಒಂದೇ ಬಂದೂಕು, ನಳಿಗೆ ಬದಲಿಸಿದರೆ ಬೇರೆ ಕ್ಯಾಲಿಬರ್. ಕೇಳಲು ಚೆಂದ. ನಾಲ್ಕು ವರ್ಷ ಪರೀಕ್ಷೆ ನಡೆಸಿ 2015ರಲ್ಲಿ ಟೆಂಡರನ್ನೇ ರದ್ದು ಮಾಡಿದರು. ಅಂಥದ್ದನ್ನು ಬೇಕಾದ ಗುಣಮಟ್ಟದಲ್ಲಿ ಯಾರೂ ಮಾಡಿಕೊಡಲಿಲ್ಲ. ನಮ್ಮ ಗುಣಮಟ್ಟದ ಬೇಡಿಕೆಗಳು ಮಾರ್ವೆಲ್ ಕಾಮಿಕ್ ಪುಸ್ತಕದಿಂದ ಎತ್ತಿಕೊಂಡಂತಿವೆ ಎಂದು ಆಗ ರಕ್ಷಣಾ ಸಚಿವರಾಗಿದ್ದ ಮನೋಹರ ಪರಿಕ್ಕರ್ ಗೇಲಿ ಮಾಡಿದ್ದರು. ಅವರ ಗೇಲಿ ಸರಿ, ಆದರೆ ಅರ್ಧ. ಕಾಮಿಕ್ ಬರೆಯುವ ಅಧಿಕಾರಿ ದಡ್ಡನಲ್ಲ. ತಯಾರಕರನ್ನು ಕೇಳಲು ಅವನಿಗೆ ಧೈರ್ಯವಿಲ್ಲ, ಅವರ ಬಣ್ಣದ ಬ್ರೋಷರುಗಳನ್ನು ಓದಲು ಅಡ್ಡಿಯಿಲ್ಲ. ನಾಲ್ಕು ಬ್ರೋಷರು ಮುಂದಿಟ್ಟುಕೊಂಡು ಪ್ರತಿಯೊಂದರಿಂದ ಅತ್ಯುತ್ತಮ ಅಂಶ ಆರಿಸಿದರೆ ಲೋಕದಲ್ಲಿ ಇಲ್ಲದ ಬಂದೂಕು ಹುಟ್ಟುತ್ತದೆ. ಎದುರು ಕೂರಿಸಿ ಕೇಳಿದ್ದರೆ ಆ ನಾಲ್ವರೂ ಒಂದೇ ಮಾತು ಹೇಳುತ್ತಿದ್ದರು.

ಇಲ್ಲಿ ಎದುರಾಳಿಯ ಬಲವಾದ ವಾದ ಬರುತ್ತದೆ, ಅದನ್ನು ತಪ್ಪಿಸಿಕೊಂಡು ಹೋಗಬಾರದು. ಮಾರುವವರನ್ನು ಮೊದಲೇ ಮಾತಾಡಿಸಿದರೆ ಷರತ್ತುಗಳನ್ನು ಒಬ್ಬನ ಅಳತೆಗೆ ಹೊಲಿಯುತ್ತಾರೆ, ಉಳಿದವರೆಲ್ಲ ಕಾಗದದ ಮೇಲೇ ಅನರ್ಹರಾಗುತ್ತಾರೆ. ಹೀಗೆ ಆಗಿದೆ, ಆಗುತ್ತದೆ, ಸುಳ್ಳಲ್ಲ. ಆದರೆ ಅಳತೆಗೆ ಹೊಲಿಯುವ ಆ ಮಾತುಕತೆ ಎಲ್ಲಿ ನಡೆಯುತ್ತದೆ? ಕಚೇರಿಯಲ್ಲಿ, ನಡಾವಳಿ ಬರೆದುಕೊಂಡು, ನಾಲ್ಕು ಪೈಪೋಟಿದಾರರ ಎದುರು ನಡೆಯುವುದಿಲ್ಲ. ಕ್ಲಬ್ಬಿನಲ್ಲಿ, ಮದುವೆ ಮನೆಯಲ್ಲಿ, ನಿವೃತ್ತ ಸಹೋದ್ಯೋಗಿಯ ಡ್ರಾಯಿಂಗ್ ರೂಮಿನಲ್ಲಿ ನಡೆಯುತ್ತದೆ. ನಮ್ಮ ಮಡಿ ಅದನ್ನು ಮುಟ್ಟುವುದೇ ಇಲ್ಲ. ಅದು ಮುಟ್ಟುವುದು ಮಾಲೂರಿನ ಶೆಡ್ಡಿನವನನ್ನು. ಅವನಿಗೆ ದಿಲ್ಲಿಯಲ್ಲಿ ಕ್ಲಬ್ಬೂ ಇಲ್ಲ, ನಿವೃತ್ತ ಕರ್ನಲ್ ನೆಂಟನೂ ಇಲ್ಲ. ಮುಂಬಾಗಿಲು ಹಾಕಿದರೆ ನಷ್ಟವಾಗುವುದು ಹಿಂಬಾಗಿಲ ಕೀಲಿ ಇಲ್ಲದವನಿಗೆ ಮಾತ್ರ.

ಖರೀದಿಯಲ್ಲಿ ಲಂಚದ ಭಯ ನಮಗಿಂತ ಕಡಿಮೆಯಿಲ್ಲದ ದೇಶಗಳು ಬೇರೆ ದಾರಿ ಹಿಡಿದಿವೆ. ಅಮೆರಿಕದ ಕೇಂದ್ರ ಖರೀದಿ ನಿಯಮಾವಳಿಯಲ್ಲಿ ಮಾರುಕಟ್ಟೆ ಅಧ್ಯಯನಕ್ಕೇ ಒಂದು ಪೂರ್ತಿ ಭಾಗವಿದೆ. ಅದು ಅಧಿಕಾರಿಗೆ ಕೊಟ್ಟ ವಿನಾಯಿತಿಯಲ್ಲ, ಹೊರಿಸಿದ ಕರ್ತವ್ಯ. 2011ರ ಫೆಬ್ರುವರಿಯಲ್ಲಿ ಅಲ್ಲಿನ ಖರೀದಿ ನೀತಿ ಕಚೇರಿ, ಅಧಿಕಾರಿಗಳಲ್ಲಿ ಬೇರೂರಿದ ತಪ್ಪು ತಿಳಿವಳಿಕೆಗಳನ್ನು ಪಟ್ಟಿ ಮಾಡಿ ಒಂದೊಂದಕ್ಕೂ ಉತ್ತರ ಬರೆದು ಹೊರಡಿಸಿತು. ಪೂರೈಕೆದಾರರ ಜೊತೆ ಒಬ್ಬೊಬ್ಬರಾಗಿ ಕೂತು ಮಾತಾಡುವಂತಿಲ್ಲ ಎನ್ನುವುದು ಆ ಪಟ್ಟಿಯ ಮೊದಲ ತಪ್ಪು. ಮಾತಾಡಬಹುದು, ಯಾರಿಗೂ ವಿಶೇಷ ಅನುಕೂಲ ಮಾಡಿಕೊಡಬಾರದು ಅಷ್ಟೇ ಎನ್ನುವುದು ಉತ್ತರ. ಬ್ರಿಟನ್ 2014ರಲ್ಲಿ ಕಾನೂನೇ ಮಾಡಿತು: ಪೈಪೋಟಿ ಇಲ್ಲದೆ ಒಬ್ಬನಿಂದಲೇ ಕೊಳ್ಳುವ ರಕ್ಷಣಾ ಗುತ್ತಿಗೆಯಲ್ಲಿ ಪೂರೈಕೆದಾರ ತನ್ನ ಖರ್ಚಿನ ಲೆಕ್ಕ ತೆರೆದಿಡಬೇಕು, ಲಾಭದ ಪ್ರಮಾಣಕ್ಕೆ ಸ್ವತಂತ್ರ ಸಂಸ್ಥೆಯೊಂದು ಆಧಾರ ದರ ಸೂಚಿಸುತ್ತದೆ. ಟಟ್ರಾ ಖರೀದಿಯ ಕಾಲಕ್ಕೆ ಇಂಥ ಒಂದು ನಿಯಮ ನಮ್ಮಲ್ಲಿದ್ದಿದ್ದರೆ ಲಂಡನ್ನಿನ ಕಂಪನಿ ನಡುವೆ ಏನು ಮಾಡುತ್ತಿದೆ ಎಂಬ ಪ್ರಶ್ನೆ ಜನರಲ್ ಸಂದರ್ಶನ ಕೊಡುವವರೆಗೆ ಕಾಯಬೇಕಿರಲಿಲ್ಲ. ನಾವು ಮಾಡಿದ್ದೇನು? ಮಾರುವವರಿಂದ ಇಂಟೆಗ್ರಿಟಿ ಪ್ಯಾಕ್ಟ್ ಎಂಬ ಪ್ರತಿಜ್ಞಾಪತ್ರ ಬರೆಸಿಕೊಂಡೆವು. ಲಂಚ ಕೊಡುವುದಿಲ್ಲ ಎಂದು ಲಂಚ ಕೊಡುವವನೂ ಸಹಿ ಹಾಕುತ್ತಾನೆ.

ಇನ್ನು ಎಲ್-1, ಅಂದರೆ ಕಡಿಮೆ ದರ ಬರೆದವನಿಗೇ ಗುತ್ತಿಗೆ ಎಂಬ ಪದ್ಧತಿ. ಒಂದು ಸಲಕ್ಕೆ ಮುಗಿಯುವ ಖರೀದಿಗೆ ಕಡಿಮೆ ದರದವನೇ ಸರಿ ಇರಬಹುದು. ಬೂಟಿನ ಲೇಸು ಕೊಳ್ಳುವಾಗ ಯಾರೂ ತತ್ವಶಾಸ್ತ್ರ ಮಾಡಬೇಕಿಲ್ಲ. ದೀರ್ಘಾವಧಿ ಗುತ್ತಿಗೆಯ ಲೆಕ್ಕ ಬೇರೆ. 2020ರ ಜುಲೈಯಲ್ಲಿ ಬೆಮೆಲ್ ಜೊತೆ 557 ಕೋಟಿ ರೂಪಾಯಿಗೆ 1,512 ಮೈನ್ ಪ್ಲೌಗಳ ಕರಾರಾಯಿತು. ಇವು ಟಿ-90 ಟ್ಯಾಂಕಿನ ಮೂತಿಗೆ ಕಟ್ಟುವ ಉಕ್ಕಿನ ನೇಗಿಲುಗಳು, ಹೂತಿಟ್ಟ ನೆಲಬಾಂಬನ್ನು ಉತ್ತು ಪಕ್ಕಕ್ಕೆ ಸರಿಸುತ್ತವೆ. 2027ರ ಹೊತ್ತಿಗೆ ಪೂರೈಕೆ ಮುಗಿಯಬೇಕು, ಅಂದರೆ ಏಳು ವರ್ಷದ ಬಾಳುವೆ. ಆ ಜುಲೈಯಲ್ಲಿ ಲಾಕ್‌ಡೌನಿನ ಹೊಡೆತಕ್ಕೆ ನೆಲ ಹಿಡಿದಿದ್ದ ಉಕ್ಕಿನ ದರ ಮರುವರ್ಷ ಎಲ್ಲಿಗೆ ಹೋಯಿತು ಎಂಬುದು ತಗಡು ಕೊಳ್ಳುವ ಪ್ರತಿಯೊಬ್ಬ ಶೆಡ್ಡಿನವನಿಗೂ ನೆನಪಿದೆ. ಹದಿನೆಂಟು ತಿಂಗಳು ಮೀರಿದ ಗುತ್ತಿಗೆಗೆ ದರ ಏರಿಳಿತದ ಷರತ್ತು ಹಾಕಬಹುದು ಎಂದು ಸರ್ಕಾರದ ಹಣಕಾಸು ನಿಯಮವೇ ಹೇಳುತ್ತದೆ. ಆದರೆ ಯಾವ ಕಚ್ಚಾಮಾಲಿನ ದರಕ್ಕೆ, ಯಾವ ಸೂಚ್ಯಂಕಕ್ಕೆ, ಎಷ್ಟು ಪಾಲಿಗೆ? ಒಂದು ನೇಗಿಲಿನ ಬೆಲೆಯಲ್ಲಿ ಉಕ್ಕೆಷ್ಟು, ಹೈಡ್ರಾಲಿಕ್ ಎಷ್ಟು, ಕೂಲಿ ಎಷ್ಟು? ಮಾಡುವವರನ್ನು ಕೇಳದೆ ಇದಕ್ಕೆ ಉತ್ತರ ಬರೆಯುವುದು ಹೇಗೆ? ಕೇಳದೆ ಕಟ್ಟುನಿಟ್ಟಾದ ದರಕ್ಕೆ ಕಟ್ಟಿಹಾಕಿದರೆ ದೊಡ್ಡ ಕಂಪನಿ ಆ ನಷ್ಟವನ್ನು ಜಾಬ್ ವರ್ಕ್ ಮಾಡುವವರ ಮೇಲೆ ಇಳಿಸುತ್ತದೆ, ಜಾಬ್ ವರ್ಕ್ ಮಾಡುವವನು ಬಾಗಿಲು ಹಾಕುತ್ತಾನೆ. ನಾಲ್ಕನೇ ವರ್ಷ ಆ ಭಾಗ ಮಾಡುವವರೇ ಇರುವುದಿಲ್ಲ. ಕಡಿಮೆ ದರಕ್ಕೆ ಕೊಂಡೆವೆಂಬ ಹೆಮ್ಮೆ ಮಾತ್ರ ಕಡತದಲ್ಲಿ ಉಳಿಯುತ್ತದೆ.

ಇದನ್ನೆಲ್ಲ ತಿಳಿಯಲು ಮ್ಯಾನೇಜ್‌ಮೆಂಟ್ ಓದಬೇಕಿಲ್ಲ, ಶ್ರೀನಿವಾಸಪುರಕ್ಕೆ ಹೋದರೆ ಸಾಕು. ಅಲ್ಲಿ ಮಾವಿನ ತೋಟವನ್ನು ಹೂ ಬಿಟ್ಟಾಗಲೇ ಗುತ್ತಿಗೆಗೆ ಹಿಡಿಯುವ ವ್ಯಾಪಾರಿಗಳಿದ್ದಾರೆ, ಕೆಲವರು ಎರಡು ಮೂರು ವರ್ಷಕ್ಕೆ ಒಟ್ಟಿಗೇ ಹಿಡಿಯುತ್ತಾರೆ. ಅಂಥವನು ದುಡ್ಡು ಎಣಿಸುವ ಮೊದಲು ತೋಟವನ್ನು ಮರ ಮರಕ್ಕೂ ಸುತ್ತುತ್ತಾನೆ. ಹೋದ ವರ್ಷ ಕಾಯಿ ಹೊತ್ತ ಮರ ಈ ವರ್ಷ ಸುಮ್ಮನಿರುತ್ತದೆ ಎಂದು ಅವನಿಗೆ ಗೊತ್ತು. ಜಿಗಿಹುಳು ಬಿದ್ದಿದೆಯೇ, ಔಷಧಿ ಎಷ್ಟು ಸಲ ಹೊಡೆದಿದ್ದೀರಿ, ಬಾದಾಮಿ ಎಷ್ಟು ಮರ, ತೋತಾಪುರಿ ಎಷ್ಟು, ಬೋರಿನಲ್ಲಿ ನೀರಿದೆಯೇ ಎಂದು ಮಾಲೀಕನನ್ನು ಕೂರಿಸಿಕೊಂಡು ಕೇಳುತ್ತಾನೆ. ಪಕ್ಕದ ತೋಟದವನನ್ನೂ ಕೇಳಿ ತಾಳೆ ಹಾಕುತ್ತಾನೆ. ಚಿತ್ತೂರಿನ ಪಲ್ಪ್ ಫ್ಯಾಕ್ಟರಿಗಳು ಈ ಸಲ ಹೇಗೆ ಎಂದು ಅಲ್ಲಿಗೂ ಫೋನು ಮಾಡುತ್ತಾನೆ. ಆ ವಿಚಾರಣೆ ಎಷ್ಟು ಬೇಕೆಂಬುದು 2025ರ ಜೂನ್‌ನಲ್ಲಿ ಗೊತ್ತಾಯಿತು. ಕರ್ನಾಟಕದ ತೋತಾಪುರಿ ಬರಬಾರದೆಂದು ಚಿತ್ತೂರು ಜಿಲ್ಲಾಡಳಿತ ಗಡಿ ಮುಚ್ಚಿದಾಗ ಒಂದೇ ಕಡೆಯ ಗಿರಾಕಿಯನ್ನು ನಂಬಿದವರ ಕಾಯಿ ರಸ್ತೆಗೆ ಬಿತ್ತು. ತೋಟ ನೋಡಲು ಬಂದ ವ್ಯಾಪಾರಿಯನ್ನು ಮಾಲೀಕನ ಜೊತೆ ಶಾಮೀಲು ಎಂದು ಶ್ರೀನಿವಾಸಪುರದಲ್ಲಿ ಯಾರೂ ಅನ್ನುವುದಿಲ್ಲ. ನೋಡದೆ ದುಡ್ಡು ಕೊಟ್ಟವನನ್ನು ಮಾತ್ರ ಆಡಿಕೊಳ್ಳುತ್ತಾರೆ.

ಸರ್ಕಾರದವರಿಗೆ ಇದು ಸಾಧ್ಯವಿಲ್ಲ, ವ್ಯಾಪಾರಿಯ ಚುರುಕು ಕಚೇರಿಗೆ ಬರುವುದಿಲ್ಲ ಎಂದು ಗೊಣಗುವವರಿಗೆ ಕೋಲಾರದ ಇತಿಹಾಸವನ್ನೇ ನೆನಪಿಸಬೇಕು. ಕೆಜಿಎಫ್‌ಗೆ 1902ರ ಜೂನ್‌ನಲ್ಲಿ ಶಿವನಸಮುದ್ರದಿಂದ 147 ಕಿ.ಮೀ. ದೂರ ವಿದ್ಯುತ್ ಹರಿದು ಬಂತು. ಅಷ್ಟು ಉದ್ದದ ತಂತಿ ಎಳೆದದ್ದು ಆ ಕಾಲಕ್ಕೆ ಸಾಹಸ. ದಿವಾನ್ ಶೇಷಾದ್ರಿ ಅಯ್ಯರ್ ಸರ್ಕಾರ ಆ ಯೋಜನೆಗೆ ಕೈ ಹಾಕುವ ಮೊದಲು ಎರಡು ಕಡೆ ಕೇಳಿತ್ತು. ಗಣಿ ನಡೆಸುತ್ತಿದ್ದ ಜಾನ್ ಟೇಲರ್ ಅಂಡ್ ಸನ್ಸ್‌ನವರನ್ನು ಕೂರಿಸಿ, ಎಷ್ಟು ವಿದ್ಯುತ್ ಬೇಕು, ಎಷ್ಟು ವರ್ಷ ಕೊಳ್ಳುತ್ತೀರಿ, ಯಾವ ದರಕ್ಕೆ ಎಂದು ದೀರ್ಘಾವಧಿ ಕರಾರು ಮಾಡಿಕೊಂಡಿತು. ಇನ್ನೊಂದು ಕಡೆ ತನ್ನ ಎಂಜಿನಿಯರ್ ಜೋಲಿ ಡಿ ಲಾಟ್ಬಿನಿಯರ್‌ರನ್ನು ಯೂರೋಪ್, ಅಮೆರಿಕಗಳಿಗೆ ಕಳಿಸಿ ತಯಾರಕರ ಕಾರ್ಖಾನೆಗಳನ್ನು ನೋಡಿಸಿತು. ಟರ್ಬೈನು ಸ್ವಿಟ್ಜರ್‌ಲೆಂಡಿನ ಎಷರ್ ವಿಸ್‌ನದು, ವಿದ್ಯುತ್ ಯಂತ್ರ ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನದು. ತಯಾರಕರ ಮುಖ ನೋಡಿದ್ದಕ್ಕೆ ಮೈಸೂರು ಸಂಸ್ಥಾನ ಮೈಲಿಗೆಯಾಗಲಿಲ್ಲ. ಅದು ಸೈನ್ಯದ ಖರೀದಿಯಲ್ಲ ನಿಜ, ಆದರೆ ದೀರ್ಘಾವಧಿ ಗುತ್ತಿಗೆಯನ್ನು ಸರ್ಕಾರವೊಂದು ಹೇಗೆ ಮಾಡಬೇಕೋ ಹಾಗೆ ಮಾಡಿತು, ಅದೂ ಇಂಟರ್‌ನೆಟ್ಟಿಲ್ಲದ ಕಾಲದಲ್ಲಿ.

ಜಿಲ್ಲೆಯ ರಾಜಕಾರಣಿಗಳು ಈಚೆಗೆ ಇನ್ನೊಂದು ರಾಗ ಹಾಡುತ್ತಿದ್ದಾರೆ, ಅದಕ್ಕೂ ಒಂದು ಮಾತು. ನರಸಾಪುರ ಬಂತು, ವೇಮಗಲ್ ಬಂತು, ಅಲ್ಲಿ ಟಾಟಾದವರು ಉಪಗ್ರಹ ಜೋಡಿಸಿದರು, ಏರ್‌ಬಸ್ ಜೊತೆ ಸೇರಿ ಎಚ್125 ಹೆಲಿಕಾಪ್ಟರ್ ಜೋಡಿಸುವ ಘಟಕವೂ ಅಲ್ಲಿಗೇ ಬಂತು. ಇನ್ನು ಕೋಲಾರಕ್ಕೆ ರಕ್ಷಣಾ ಉದ್ದಿಮೆ ತಾನಾಗಿ ಹರಿದು ಬರುತ್ತದೆ ಎನ್ನುತ್ತಾರೆ. ತಾನಾಗಿ ಏನೂ ಬರುವುದಿಲ್ಲ. ಬೆಮೆಲ್ ಆರು ದಶಕ ಕೆಜಿಎಫ್‌ನಲ್ಲಿದ್ದೂ ಆ ಊರಿನ ಹುಡುಗರು ರೈಲಿನಲ್ಲಿ ನಿಂತುಕೊಂಡು ಬೆಂಗಳೂರಿಗೆ ಹೋಗುವುದು ತಪ್ಪಿಲ್ಲ. ದೊಡ್ಡ ಗೇಟಿನ ಹೊರಗಿನ ಶೆಡ್ಡುಗಳು ಏನು ಮಾಡಬಲ್ಲವು ಎಂದು ಒಳಗಿನವರು ಕೇಳಿದರೆ ಬರುತ್ತದೆ, ಇಲ್ಲದಿದ್ದರೆ ಗೇಟು ಮಾತ್ರ ದೊಡ್ಡದಾಗುತ್ತದೆ.

2025ರ ನವೆಂಬರ್ 1ರಿಂದ ಹೊಸ ರಕ್ಷಣಾ ಖರೀದಿ ಕೈಪಿಡಿ ಜಾರಿಗೆ ಬಂದಿದೆ. ಅದರಲ್ಲಿ ಒಳ್ಳೆಯ ಅಂಶಗಳಿವೆ. ದೇಶದಲ್ಲೇ ಅಭಿವೃದ್ಧಿಪಡಿಸಿದ ವಸ್ತುವಿಗೆ ಐದು ವರ್ಷದವರೆಗೆ ಆರ್ಡರಿನ ಖಾತ್ರಿ ಕೊಡಬಹುದು. ಅಭಿವೃದ್ಧಿಯ ಹಂತದಲ್ಲಿ ತಡವಾದರೆ ದಂಡವಿಲ್ಲ. ಶೆಡ್ಡಿನವನಿಗೆ ಬ್ಯಾಂಕಿನ ಮುಂದೆ ನಿಂತು ಮಾತಾಡಲು ಇಷ್ಟು ಬೇಕಾಗಿತ್ತು. ಆದರೆ ಐದು ವರ್ಷಕ್ಕೆ ಎಷ್ಟು ನಗಕ್ಕೆ ಖಾತ್ರಿ, ಯಾವ ದರದಲ್ಲಿ, ಯಾರಿಗೆ? ಮಡಿ ಬಿಡದ ಕಚೇರಿಯ ಕೈಯಲ್ಲಿ ಈ ಐದು ವರ್ಷದ ಖಾತ್ರಿ ಇನ್ನೊಂದು ಟಟ್ರಾ ಆಗಲು ತಡವಿಲ್ಲ. ಒಬ್ಬನನ್ನು ಹಿಡಿದು ಐದು ವರ್ಷ ಬೇರೆಯವರ ಕಡೆ ನೋಡದೆ ಇರುವುದಕ್ಕೆ ಈಗ ನಿಯಮದ ಬೆಂಬಲವೂ ಸಿಕ್ಕಿತು.

ಎಲ್ಲಿಂದ ಶುರು ಮಾಡಬೇಕೆಂದು ಕೇಳುವವರಿಗೆ ಟಟ್ರಾದಿಂದಲೇ ಎನ್ನುತ್ತೇನೆ. ಕೊಂಡ ಸಾವಿರಾರು ಟ್ರಕ್‌ಗಳಿಗೆ ಅವು ಓಡುವಷ್ಟು ಕಾಲವೂ ಬುಶ್ಶು, ಬ್ರಾಕೆಟ್ಟು, ಹೋಸು, ಸೀಲು ಬೇಕು. ಆ ಬಿಡಿಭಾಗಗಳ ಪಟ್ಟಿ ಮತ್ತು ಒಂದೊಂದು ಮಾದರಿ ಹಿಡಿದುಕೊಂಡು ಸೇನಾ ಕಚೇರಿಯ ಇಬ್ಬರು ಅಧಿಕಾರಿಗಳು, ಬೆಮೆಲ್‌ನ ಒಬ್ಬ ಎಂಜಿನಿಯರ್, ಲೆಕ್ಕಪತ್ರದ ಒಬ್ಬರು ಮಾಲೂರು, ನರಸಾಪುರ, ಕೆಜಿಎಫ್‌ನ ಶೆಡ್ಡುಗಳಿಗೆ ಬರಲಿ. ಮಾದರಿಗಳನ್ನು ಮೇಜಿನ ಮೇಲಿಟ್ಟು ಕೇಳಲಿ: ಇದನ್ನು ಮಾಡುತ್ತೀರಾ, ಯಾವ ಭಾಗ ಮಾಡಲಾಗುವುದಿಲ್ಲ, ಯಾಕೆ, ವರ್ಷಕ್ಕೆ ಎಷ್ಟು ನಗ ಆರ್ಡರಿದ್ದರೆ ಯಂತ್ರ ಹಾಕುತ್ತೀರಿ, ಉಕ್ಕು ಯಾರಿಂದ ತರುತ್ತೀರಿ. ಯಾರನ್ನು ಯಾವಾಗ ಕಂಡೆವು, ಯಾರು ಏನು ಹೇಳಿದರು ಎಂಬುದನ್ನು, ವ್ಯಾಪಾರದ ಗುಟ್ಟನ್ನಷ್ಟೇ ಬಿಟ್ಟು, ಟೆಂಡರಿನ ಜೊತೆಗೇ ಪ್ರಕಟಿಸಲಿ. ಯಾರೊಬ್ಬನ ಮಾತಿನಿಂದ ಷರತ್ತು ಬದಲಾಗಿದ್ದರೆ ಅದನ್ನೂ ಕಾರಣ ಸಮೇತ ಬರೆಯಲಿ. ಒಬ್ಬನ ಅಳತೆಗೆ ಹೊಲಿದಿದ್ದಾರೆ ಎನ್ನುವ ಪೈಪೋಟಿದಾರ ಆ ಪುಟ ಹಿಡಿದುಕೊಂಡೇ ವಿಜಿಲೆನ್ಸ್ ಕಮಿಷನ್ನಿಗೆ ಹೋಗಬಹುದು. ಇದಕ್ಕೆ ಹೊಸ ಕಾನೂನು ಬೇಕಿಲ್ಲ, ಹೊಸ ಕೈಪಿಡಿ ಅಡ್ಡ ಬರುವುದಿಲ್ಲ. ಬೇಕಾದದ್ದು ಆ ನಾಲ್ವರಿಗೆ ಪ್ರವಾಸ ಭತ್ಯೆ ಮತ್ತು ಹೋಗಿ ಬನ್ನಿ ಎಂದು ಮೇಲಿನವರ ಒಂದು ಲಿಖಿತ ಆದೇಶ.